ಕೂದಲೆಣ್ಣೆ ಕಂಪನಿಯ ಅಳಿಯ

ಮೇ ತಿಂಗಳ ಭಾನುವಾರ ನಿತೀಶ್ ಉಣ್ಣೆಯ ಟೋಪಿ ಹಾಕಿಕೊಂಡು ಡಚ್ಚರ ಊರಾದ ಹಾರ್ಲೆಮ್‌ನ ನನ್ನ ಮನೆಗೆ ಬಂದ. ಹೊರಗೆ ಚೆನ್ನಾಗಿ ಬಿಸಿಲಿತ್ತು. ಹಿಂದೆಯೇ ಅವನ ತಾಯಿ ಲೀಲಮ್ಮ, ಕೈಯಲ್ಲಿ ಎರಡು ಸ್ಟೀಲ್ ಡಬ್ಬಿ. ಮೂರು ವಾರ ಮೈಸೂರಿಗೆ ಹೋಗಿದ್ದವನು ತಾಯಿಯನ್ನೂ ಜೊತೆಗೆ ಕರೆತಂದಿದ್ದ.

“ಟೋಪಿ ತೆಗಿ, ಲೈಟ್ ನೋಡ್ಬೇಕು,” ಎಂದಳು ಸಿಂಧೂರ. ಅವಳು ನಮ್ಮ ಚಿತ್ರದ ನಿರ್ದೇಶಕಿ.

“ಆಮೇಲೆ ತೆಗೀತೀನಿ.”

“ಈಗ ತೆಗಿ.”

ತೆಗೆದ. ತಲೆ ನುಣ್ಣಗಿತ್ತು. ಸಿಂಧೂರ ಅಲ್ಲೇ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು.

ಬೇರೆ ಯಾವ ಚಿತ್ರವಾದರೂ ಹೇಗೋ ಸುಧಾರಿಸಬಹುದಿತ್ತು. ನಾವು ತೆಗೆಯುತ್ತಿದ್ದದ್ದು ಒಂದು ಹಳೆಯ ಹಾಲಿವುಡ್ ಪ್ರೇಮಹಾಸ್ಯದ ಕನ್ನಡ ನಕಲು. ಇಪ್ಪತ್ತು ನಿಮಿಷದ್ದು, ಕಪ್ಪುಬಿಳುಪು. ಕೂದಲೆಣ್ಣೆ ಕಂಪನಿಯ ಮಾಲೀಕನೊಬ್ಬ ಜಾಹೀರಾತಿಗಾಗಿ ದೇಶದಲ್ಲೇ ಸೊಗಸಾದ ಕೂದಲಿನ ಗಂಡಸನ್ನು ಹುಡುಕುತ್ತಾನೆ. ಸಿಗುವವನು ಅವನದೇ ಆಫೀಸಿನ ಕಸ ಗುಡಿಸುವವನು, ಆ ಎಣ್ಣೆಯನ್ನು ಜನ್ಮದಲ್ಲಿ ಹಚ್ಚಿದವನಲ್ಲ. ಮಾಲೀಕನ ಮಗಳಿಗೆ ಅವನ ಮೇಲೆ ಮನಸ್ಸಾಗುತ್ತದೆ. ಕೊನೆಯ ದೃಶ್ಯದಲ್ಲಿ ಅವಳು ಅವನ ಕೂದಲಲ್ಲಿ ಬೆರಳಾಡಿಸಿ, “ಇದು ಕಂಪನಿಯ ಆಸ್ತಿಯಲ್ಲ, ನನ್ನದು” ಎನ್ನುತ್ತಾಳೆ. ಮೂಲದಲ್ಲಿ ಆಮೇಲೊಂದು ಮುತ್ತಿದೆ. ಮಕ್ಕಳು ನೋಡುತ್ತಾರೆ, ಮುತ್ತು ಬೇಡ ಎಂದು ನಮ್ಮ ಕನ್ನಡ ಸಂಘದವರು ಮೊದಲೇ ಹೇಳಿದ್ದರು. ಹಾಗಾಗಿ ಪ್ರೇಮದ ಭಾರವೆಲ್ಲ ಕೂದಲಿನ ಮೇಲೆಯೇ ಬಿದ್ದಿತ್ತು.

ಆ ಹಾಲಿವುಡ್ ಚಿತ್ರ ಹೇಗೆ ತಯಾರಾಯಿತು ಎನ್ನುವುದರ ಮೇಲೆ ನಾನು ಎಂ.ಎ. ಪ್ರಬಂಧ ಬರೆದಿದ್ದೆ. ಅದಕ್ಕೇ ಸಿಂಧೂರ ನನ್ನನ್ನು ಸೇರಿಸಿಕೊಂಡಳು. ಯಾವ ಶಾಟಿನಲ್ಲಿ ಯಾರ ಗುಂಡಿ ಬಿಚ್ಚಿತ್ತು, ಯಾರ ಕೈಯಲ್ಲಿ ಕಪ್ ಇತ್ತು ಎಂದು ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. “ನಗದೇ ಇರೋರು ಬೇಕು ಅಕ್ಕ ಇದಕ್ಕೆ,” ಎಂದಿದ್ದಳು. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ನನ್ನ ಗಂಡ ಚಿರಂತನ ತೀರಿಕೊಂಡು ಆಗ ಹತ್ತು ತಿಂಗಳು. ನಾಯಕನ ಕೋಟೂ ಅವನದೇ. ಅಳತೆ ಸರಿಯಿತ್ತು, ಕೊಟ್ಟೆ.

ನಾಯಕಿ ಶ್ರಾವ್ಯ, ಡೆಲ್ಫ್ಟ್‌ನಲ್ಲಿ ನಿತೀಶನ ಸಹಪಾಠಿ. ಮಂಗಳವಾರ ಪಿಎಚ್‌ಡಿಗೆಂದು ಗ್ರೋನಿಂಗೆನ್‌ಗೆ ಹೊರಡುವವಳಿದ್ದಳು. ರೈಲಿನಲ್ಲಿ ಎರಡೂವರೆ ಗಂಟೆ, ಈ ದೇಶದ ಲೆಕ್ಕದಲ್ಲಿ ಪರದೇಶ. ನಿತೀಶನಿಗೆ ಎರಡು ವರ್ಷದಿಂದ ಅವಳ ಮೇಲೆ ಮನಸ್ಸಿತ್ತು. ಶ್ರಾವ್ಯಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಅದು ಗೊತ್ತಿತ್ತು. “ಇವತ್ತು ಹೇಳ್ಬಿಡ್ತೀನಿ ಅಕ್ಕ, ಇಲ್ಲಾಂದ್ರೆ ಇನ್ನಿಲ್ಲ,” ಎಂದು ರೈಲಿನಿಂದ ನನಗೆ ಮೆಸೇಜ್ ಮಾಡಿದ್ದ. ತಲೆಯ ವಿಷಯ ಬರೆದಿರಲಿಲ್ಲ.

ಶ್ರಾವ್ಯ ಉದ್ದನೆಯ ಗೌನು ಎತ್ತಿ ಹಿಡಿದು, ಕಡಿದಾದ ಮೆಟ್ಟಿಲನ್ನು ಒಂದೊಂದಾಗಿ ಇಳಿದು ಬಂದಳು.

“ಯಾರಿವ್ರು?”

“ನಾನೇ,” ಎಂದ ನಿತೀಶ್.

“ಕೂದಲೆಲ್ಲಿ?”

“ನಂಜನಗೂಡಲ್ಲಿದೆ.”

ಮಾಲೀಕನ ಪಾತ್ರ ಮಾಡುತ್ತಿದ್ದ ಜಯದೇವ ಅವರು ಮೀಸೆ ಅಂಟಿಸಿಕೊಳ್ಳುತ್ತಿದ್ದವರು ತಿರುಗಿದರು. ವಾರವಿಡೀ ಜೈಡಾಸ್ ಎಂಬ ಆಫೀಸು ಬಡಾವಣೆಯ ಬ್ಯಾಂಕೊಂದರಲ್ಲಿ ಯಾರೊಂದಿಗೂ ಹೆಚ್ಚು ಮಾತಾಡದವರು, ಭಾನುವಾರ ಅದಕ್ಕೆಲ್ಲ ಸೇರಿಸಿ ಮಾತಾಡುತ್ತಿದ್ದರು.

“ಮುಡಿ ಕೊಟ್ಯಾ? ಒಳ್ಳೇದಾಯ್ತು ಬಿಡಪ್ಪ. ಯಾವ ಹರಕೆ? ಕೆಲಸದ್ದಾ, ವೀಸಾದ್ದಾ?”

“ಅಮ್ಮಂದು ಸರ್,” ಎಂದ ನಿತೀಶ್, ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ. ಲೀಲಮ್ಮ ಆಗಲೇ ನನ್ನ ಒಲೆ ಹಚ್ಚಿ ಒಗ್ಗರಣೆಗೆ ಇಟ್ಟಿದ್ದರು.

“ಒಳ್ಳೇದಾಯ್ತಾ?” ಸಿಂಧೂರ ಎದ್ದು ನಿಂತಳು. “ಮಾರ್ಚಲ್ಲಿ ಬಾಗಿಲು ತೆಗೆಯೋ ಶಾಟ್ ಆಗಿದೆ ಸರ್. ತಲೆ ತುಂಬ ಕೂದಲು. ಇವತ್ತು ಅದೇ ಬಾಗಿಲಿಂದ ಒಳಗೆ ಬರ್ಬೇಕು. ಹೊಸ್ತಿಲಲ್ಲಿ ಕ್ಷೌರದಂಗಡಿ ಇತ್ತು ಅನ್ಲಾ? ಮುಂದಿನ ಶನಿವಾರ ಶೋ!”

ಆಗ ನಾನು ಹೇಳಿದೆ: “ಮೂಲದ ಹೀರೋಗೂ ಕೂದಲಿರಲಿಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ಅಲ್ಲಿ ನಾನು ಮಾತಾಡುವುದು ಅಪರೂಪ.

“ವಿಗ್ಗು. ಸ್ಟುಡಿಯೋದವರು ಅದನ್ನ ಗುಟ್ಟಾಗಿಟ್ಟಿದ್ದರು. ನಾಯಕಿಗೂ ಹೇಳಿರಲಿಲ್ಲ. ಅವಳು ಪ್ರೀತಿಯಿಂದ ಬೆರಳಾಡಿಸಿದಾಗಲೆಲ್ಲ ಅದು ಜಾರುತ್ತಿತ್ತು. ಇಪ್ಪತ್ತಮೂರು ಟೇಕ್ ಆಯಿತು. ಕೊನೆಗೆ ವಿಗ್ ನೋಡಿಕೊಳ್ಳುವವನೇ ಸೋಫಾದ ಹಿಂದೆ ಕೂತು, ಎರಡು ಬೆರಳಿಂದ ಹಿಡಿದುಕೊಂಡ. ಆ ಬೆರಳು ಚಿತ್ರದಲ್ಲಿ ಕಾಣುತ್ತೆ.”

ಸಿಂಧೂರ ಸೈಕಲ್ ಹತ್ತಿ ಪೇಟೆಗೆ ಹೋದಳು. ಮುಕ್ಕಾಲು ಗಂಟೆ ಬಿಟ್ಟು ಬಂದಾಗ ಅವಳ ಕೈಯಲ್ಲಿ ಕಿತ್ತಳೆ ಬಣ್ಣದ ವಿಗ್ಗಿತ್ತು. ಏಪ್ರಿಲ್ ಕೊನೆಗೆ ಇಲ್ಲಿನ ರಾಜನ ಹುಟ್ಟುಹಬ್ಬಕ್ಕೆ ಊರಿಗೆ ಊರೇ ಕಿತ್ತಳೆ ತೊಡುತ್ತದೆ. ಅಂಗಡಿಯಲ್ಲಿ ಮಿಕ್ಕಿದ್ದೂ ಅದೇ.

“ಕಪ್ಪುಬಿಳುಪಲ್ವಾ, ಯಾರಿಗೆ ಗೊತ್ತಾಗುತ್ತೆ?” ಎಂದಳು.

ಕ್ಯಾಮೆರಾದಲ್ಲಿ ಅದು ಬೂದಿಯ ಬಣ್ಣಕ್ಕೆ ತಿರುಗಿತು. ಜಯದೇವ ಅವರು ಬಗ್ಗಿ ನೋಡಿ, “ನನಗಿಂತ ದೊಡ್ಡವರ ಹಾಗಿದ್ದಾರಲ್ಲ ನಮ್ಮ ಅಳಿಯಂದಿರು. ಕಾಲಿಗೆ ಬೀಳ್ಲಾ?” ಎಂದರು.

ಮೊದಲ ಟೇಕ್. ಶ್ರಾವ್ಯ ಕೈಯಿಟ್ಟಳು, ವಿಗ್ ಅವಳ ಉಂಗುರಕ್ಕೆ ಸಿಕ್ಕಿ ಎದ್ದು ಬಂತು. ಎರಡನೆಯದರಲ್ಲಿ ನಿತೀಶನ ಕಣ್ಣ ಮೇಲೆ ಇಳಿಯಿತು. ಮೂರನೆಯದಕ್ಕೆ ಜಯದೇವ ಅವರನ್ನೇ ಸೋಫಾದ ಹಿಂದೆ ಕೂರಿಸಿದೆವು. ಮೊಣಕಾಲು ಹಿಡಿದುಕೊಂಡಿತೆಂದು ಅವರು ನಾಯಕನ ತಲೆ ಹಿಡಿದು ಮೇಲೆದ್ದರು. ವಿಗ್ ಅವರ ಕೈಯಲ್ಲಿತ್ತು.

ಶ್ರಾವ್ಯ ಅದನ್ನು ಕಿತ್ತುಕೊಂಡು ಸೋಫಾದ ಮೇಲೆ ಎಸೆದಳು. “ನಾಲ್ಕು ತಿಂಗಳಿಂದ ಪ್ರತಿ ಭಾನುವಾರ ಬಂದಿದೀನಿ ನಿತೀಶ್. ಒಂದೇ ಒಂದು ದಿನ ಬಾಕಿ ಇತ್ತು. ಅಮ್ಮಂಗೆ ಹೇಳೋಕೆ ಬಾಯಿರಲಿಲ್ವಾ? ಇರು, ನಾನೇ ಕೇಳ್ತೀನಿ.”

“ಬೇಡ,” ಎಂದ ನಿತೀಶ್. ಅವನ ಮುಖದ ಜೊತೆ ತಲೆಯೂ ಕೆಂಪಾಯಿತು. ಕೂದಲಿದ್ದಾಗ ಅಷ್ಟು ಗೊತ್ತಾಗುತ್ತಿರಲಿಲ್ಲ.

ಅವಳು ಆಗಲೇ ಅಡುಗೆಮನೆಯಲ್ಲಿದ್ದಳು. ಬಾಗಿಲು ತೆರೆದೇ ಇತ್ತು.

“ಆಂಟಿ, ನಿಮ್ಮ ಹರಕೆ ಒಂದು ವಾರ ಮುಂದಕ್ಕೆ ಹಾಕ್ಬಹುದಿತ್ತಲ್ವಾ?”

“ನನ್ ಹರಕೆನಾ?” ಲೀಲಮ್ಮ ಸೌಟು ಕೆಳಗಿಟ್ಟರು. “ನಾನ್ಯಾಕಮ್ಮ ಹೊತ್ಕೊಳ್ಲಿ? ಬೇಡ ಕಣೋ, ನಿಮ್ಮಪ್ಪಂದಂತೂ ತಾನಾಗೇ ಉದುರೋಯ್ತು, ನೀನಾದ್ರೂ ಇಟ್ಕೊಳೋ ಅಂತ ಬಡ್ಕೊಂಡೆ. ಕೇಳಿದ್ನಾ? ಯಾವ್ದೋ ಹುಡುಗಿ ಏನಕ್ಕೋ ಒಪ್ಕೊಂಡ್ರೆ ಮುಡಿ ಕೊಡ್ತೀನಿ ಅಂತ ನಂಜುಂಡಪ್ಪಂಗೆ ಹೇಳ್ಕೊಂಡಿದ್ನಂತೆ. ಜನವರಿ ಆರನೇ ತಾರೀಕು ಅವ್ಳು ‘ಓಕೆ’ ಅಂತ ಮೆಸೇಜ್ ಹಾಕಿದ್ಳಂತೆ. ಅಷ್ಟಕ್ಕೇ ಇಷ್ಟು. ಯಾರಮ್ಮ ಆ ಹುಡುಗಿ? ನಿಂಗೇನಾದ್ರೂ ಗೊತ್ತಾ?”

ಇಲ್ಲಿ ಹಾಲಿನಲ್ಲಿ ನಾವು ನಾಲ್ವರೂ ಗೋಡೆ ನೋಡುತ್ತ ನಿಂತೆವು.

ಶ್ರಾವ್ಯ ಫೋನ್ ತೆಗೆದು ಮೆಸೇಜುಗಳನ್ನು ಬಹಳ ಹೊತ್ತು ಹಿಂದಕ್ಕೆ ತಳ್ಳಿದಳು. ಜನವರಿ ಆರು. ಹೀರೋಯಿನ್ ಆಗ್ತೀಯಾ ಎಂದು ನಿತೀಶ್ ಕೇಳಿದ್ದ.

“‘ಓಕೆ’ ಅಲ್ಲ ಆಂಟಿ,” ಎಂದಳು ಕೊನೆಗೆ. “ಬರೀ ‘ಕೆ’.”

ಹಾಲಿಗೆ ಬಂದು ನಿತೀಶನ ಎದುರು ನಿಂತಳು.

“ಒಂದು ‘ಕೆ’ಗೆ ಪೂರ್ತಿ ತಲೆನಾ?”

“ಅರ್ಧ ತಲೆಗೆ ಅವರು ಒಪ್ಪಲ್ಲ,” ಎಂದ ನಿತೀಶ್.

ನಗು ಬಂದದ್ದನ್ನು ಅವಳು ತಡೆದುಕೊಂಡದ್ದು ನನಗೆ ಕಂಡಿತು. ಪುಸ್ತಕದಲ್ಲಿ ಬರೆದುಕೊಂಡೆ. ಅಭ್ಯಾಸ.

“ವಿಗ್ ಬೇಡ,” ಎಂದಳು ಶ್ರಾವ್ಯ. “ಸಿಂಧು, ಕ್ಯಾಮೆರಾ ಹಾಕು.”

ನಿತೀಶ್ ಬಾಗಿಲಿಂದ ಒಳಗೆ ಬಂದ. ಎಂದಿನಂತೆ ಸೋಫಾದ ತುದಿಗೆ ಕುಳಿತ. ಶ್ರಾವ್ಯ ಕೈ ಚಾಚಿದಳು, ಬೆರಳಾಡಿಸಲು ಏನೂ ಇಲ್ಲದೆ ಒಂದು ಕ್ಷಣ ಗಾಳಿಯಲ್ಲೇ ತಡೆದಳು. ಆಮೇಲೆ ಅಂಗೈಯನ್ನು ಅವನ ತಲೆಯ ಮೇಲಿಟ್ಟಳು, ಕಲ್ಲಂಗಡಿ ಆರಿಸುವವರ ಹಾಗೆ.

“ಇದು ಯಾರ ಆಸ್ತಿ?” ಎಂದಳು. ಬರೆದಿದ್ದ ಮಾತು ಹಾಗಿರಲಿಲ್ಲ.

ನಾಯಕನಿಗೆ ಆ ದೃಶ್ಯದಲ್ಲಿ ಮಾತೇ ಇರಲಿಲ್ಲ. ಆದರೂ ಹೇಳಿದ: “ಹೋಗಿದ್ದು ನಂಜುಂಡಂದು. ಇನ್ಮೇಲೆ ಬರೋದು ನಿಂದು. ನಿಂಗೆ ಬೇಕಾದ್ರೆ.”

ಸಿಂಧೂರ ಕಟ್ ಹೇಳಲಿಲ್ಲ. ಜಯದೇವ ಅವರ ಮೀಸೆಯ ಒಂದು ತುದಿ ಬಿಟ್ಟುಹೋಯಿತು, ಅವರು ಅದನ್ನು ಹಿಡಿಯಲೂ ಇಲ್ಲ. ಶ್ರಾವ್ಯಳ ಕೈ ಅಲ್ಲೇ ಇತ್ತು.

“ಎಷ್ಟು ದಿನ ಆಗುತ್ತೆ ಬರೋಕೆ?”

“ತಿಂಗಳಿಗೆ ಅರ್ಧ ಇಂಚು.”

“ನಿಧಾನ ಆಯ್ತು,” ಎಂದಳು ಶ್ರಾವ್ಯ. “ಆಗಾಗ ಗ್ರೋನಿಂಗೆನ್‌ಗೆ ಬಂದು ತೋರಿಸ್ಬೇಕಾಗುತ್ತೆ.”

“ಯಾವಾಗ ಬರ್ಲಿ?”

“ಶನಿವಾರ.”

“ಶನಿವಾರ ಶೋ ಕಣ್ರೋ!” ಎಂದು ಸಿಂಧೂರ ಕಿರುಚಿದಳು. ಚಿತ್ರದ ಕೊನೆಯ ಮಾತು ಅದೇ ಆಯಿತು. ತೆಗೆಯಲು ಆಗಲಿಲ್ಲ.

ಶನಿವಾರ ಸಂಘದ ಇನ್ನೂರು ಜನರ ಮುಂದೆ ನಾಯಕ ತಲೆ ತುಂಬ ಕೂದಲಿಟ್ಟುಕೊಂಡು ಬಾಗಿಲು ತೆರೆದ, ನುಣ್ಣನೆಯ ತಲೆಯಲ್ಲಿ ಒಳಗೆ ಬಂದ. ಸಿಂಧೂರ ನನ್ನ ಕೈ ಹಿಂಡಿದಳು. ಯಾರೂ ನಗಲಿಲ್ಲ, ಯಾರಿಗೂ ವಿಚಿತ್ರವೆನಿಸಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರನ್ನು ಕೇಳಿದರು: “ತಿರುಪತಿನೋ, ಧರ್ಮಸ್ಥಳನೋ?”

ಉತ್ತರ ಹೇಳಬೇಕಾದವನು ಸಭೆಯಲ್ಲಿರಲಿಲ್ಲ. ಗ್ರೋನಿಂಗೆನ್‌ನಲ್ಲಿ, ನಾಲ್ಕನೇ ಮಹಡಿಯ ಕೋಣೆಯಲ್ಲಿ, ಶ್ರಾವ್ಯಳ ಬಟ್ಟೆ ಬೀರು ಜೋಡಿಸುತ್ತಿದ್ದ. ಎರಡು ಸ್ಕ್ರೂ ಉಳಿದುಹೋಗಿವೆ, ಏನು ಮಾಡಲಿ ಅಕ್ಕ ಎಂದು ನನಗೆ ಮೆಸೇಜ್ ಬಂತು.