ಲೈಟು ಬಂದ ಮೇಲೆ

ಉಮದಿಯ ಬಸ್ ಸ್ಟ್ಯಾಂಡಿನ ಬದಿಗೆ ಝೆರಾಕ್ಸ್ ಅಂಗಡಿ ಇಟ್ಟಿದ್ದ ಅಮಜದ, ಲೈಟು ಹೋದೊಡನೆ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದ. ಲೈಟು ಬಂದ ಮೇಲೆ, ಅದು ಸಂಜೆಯಿರಲಿ ಮರುದಿನವಿರಲಿ, ಬಿಟ್ಟ ಶಬ್ದದಿಂದಲೇ ಮುಂದುವರಿಸುತ್ತಿದ್ದ. ರಮಜಾನಿನಲ್ಲಿ ಸಲಾಮಿಗೆಂದು ಎತ್ತಿದ ಅವನ ಕೈ ಬಕರೀದಿಗೆ ಇಳಿಯಿತೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನಂಬುವವರು ನಂಬಿಯೂ ಇದ್ದಾರೆ. ಪಕ್ಕದ ಚಹಾದಂಗಡಿಯ ಗುರುಸಿದ್ದನಂತೂ "ನಿನ್ನ ಭಜಿ ಭಾಳ" ಎಂಬಷ್ಟಕ್ಕೇ ಇಡೀ ದಿನ ಹಿಗ್ಗಿ, ಮರುದಿನ "ಖಾರ ಅದಾವು" ಎಂಬ ಉತ್ತರಾರ್ಧ ಕೇಳಿ ಮುಖ ಸಣ್ಣದು ಮಾಡಿಕೊಂಡ.

ಯಾಕೆ ಹೀಗೆಂದು ಕೇಳಿದರೆ, "ಸೇವ್ ಆಗದ ಮಾತು ಕಳೀತೈತಿ ನೋಡ್ರಿ" ಎನ್ನುತ್ತಿದ್ದ. ಲೋಡ್ ಶೆಡ್ಡಿಂಗಿನ ಆ ವರ್ಷಗಳಲ್ಲಿ ಜನರ ಅರ್ಜಿಗಳನ್ನು ಅರ್ಧ ಟೈಪು ಮಾಡಿ ಮಾಡಿ ಕಳೆದುಕೊಂಡವನಿಗೆ ಅಂಟಿದ ಚಟ ಅದು.

ಮೇ ತಿಂಗಳ ಬಿಸಿಲಲ್ಲೂ ಅವನ ಮೈಮೇಲೆ ಒಂದು ಕಂದು ಉಣ್ಣೆಯ ಕೋಟು ಇರುತ್ತಿತ್ತು, ತಂದೆ ಯಾಕೂಬರದು. ತಮ್ಮ ಸೈಫ ಪಕ್ಕದ ಸಂಖ ಊರಿನ ದಾರಿಯಲ್ಲಿ ಟೆಂಪೋ ಓಡಿಸುತ್ತಿದ್ದ. ಹಳ್ಳದ ತಿರುವಿನಲ್ಲಿ ಅದು ಪಲ್ಟಿಯಾದ ದಿನ ಯಾಕೂಬರು ಕೋಟನ್ನು ಗೂಟಕ್ಕೇ ಬಿಟ್ಟು ಮುಂದಿನ ಸೀಟಿನಲ್ಲಿ ಕೂತಿದ್ದರು. ಅವರು ಅಲ್ಲೇ ತೀರಿಕೊಂಡರು, ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಸೈಫ ಮಂಚ ಹಿಡಿದ. ಆ ತಿರುವಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ತಾಯಿ ಜುಬೇದಾ ಕೂಡ. ಅವರ ಮೌನವನ್ನು ಸೈಫ ತೀರ್ಪೆಂದೇ ತಿಳಿದ. ದಿನದಿನಕ್ಕೆ ಊಟ ಕಡಿಮೆಯಾಯಿತು. ಕೈಗಳು ಮಾತ್ರ ಕೌದಿಯ ಮೇಲೆ ಇಲ್ಲದ ಸ್ಟೇರಿಂಗನ್ನು ತಿರುಗಿಸುತ್ತಲೇ ಇದ್ದವು.

"ಆ ತಿರುವು ಇನ್ನೊಮ್ಮಿ ಹೊಡದು ನೋಡಬೇಕು, ಭಾಯಿ" ಎಂದ ಒಂದು ದಿನ.

ಅಮಜದ ಮಂಚದ ಬಳಿ ಹಳೆಯ ಕಂಪ್ಯೂಟರೊಂದನ್ನು ತಂದಿಟ್ಟು, ಅದನ್ನು ನಡೆಸಲು ಲಿನಕ್ಸ್ ಹಾಕಿ, ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಪುಕ್ಕಟೆ ಗಾಡಿ ಆಟವೊಂದನ್ನು ಕೂಡಿಸಿದ. ಹಳ್ಳದ ತಿರುವನ್ನು ತಾನೇ ನಡೆದು ಅಳೆದು, ಜಾಲಿಕಂಟಿ ಸಮೇತ ಆ ಆಟಕ್ಕೆ ರಚಿಸಿದ. ಇಂಥ ಸೇರ್ಪಡೆಗೆ ಆಟದವರು ಮಾಡ್ ಎನ್ನುತ್ತಾರೆ. ರಚಿಸಿದ್ದನ್ನು ಆಟದೊಳಗೆ ಸೇರಿಸುವುದು ಅದಕ್ಕಿಂತಲೂ ಕಷ್ಟವಾಯಿತು: ಸಾಲುಸಾಲು ಆಜ್ಞೆ ಟೈಪು ಮಾಡಬೇಕು, ಒಂದೊಂದು ಫೈಲೂ ತನ್ನ ಜಾಗ ಸೇರಬೇಕು, ನಡುವೆ ಲೈಟು ಹೋದರೆ ಆಟವೇ ಕೆಟ್ಟು ಮತ್ತೆ ಮೊದಲಿನಿಂದ. ಹೀಗೆ ಕೆಟ್ಟು ಕೆಟ್ಟು ಸಾಕಾಗಿ, ಕೊನೆಗೆ ತನ್ನ ಚಟವನ್ನೇ ಯಂತ್ರಕ್ಕೆ ಕಲಿಸುವ ಸಣ್ಣ ಪ್ರೋಗ್ರಾಮೊಂದನ್ನು ಬರೆದ. ಒಂದು ಕೀ ಒತ್ತಿದರೆ ಸಾಕು, ಸೇರಿಸುವ ಕೆಲಸ ತಾನೇ ಶುರುವಾಗುತ್ತದೆ. ಲೈಟು ಹೋದರೆ ನಿಲ್ಲುತ್ತದೆ, ಬಂದರೆ ಬಿಟ್ಟಲ್ಲಿಂದ ನಡೆಯುತ್ತದೆ.

ಒಂದು ಮಧ್ಯಾಹ್ನ ಸೈಫ ಆ ಕೀ ಒತ್ತಿದ. ಜ್ವರಕ್ಕೆ ಉಸಿರು ಎಳೆಯುತ್ತಿತ್ತು. ಪರದೆಯ ಮೇಲಿನ ಪಟ್ಟಿ ತುಂಬುವುದನ್ನೇ ನೋಡುತ್ತ, "ಅಬ್ಬಾ ಹೋಗಿದ್ದು ನನ್ನ ತಪ್ಪೇನು, ಭಾಯಿ?" ಎಂದು ಕೇಳಿದ.

"ಸೈಫ, ಆವತ್ತು ನಿನ್ನ" ಎಂದ ಅಮಜದ.

ಲೈಟು ಹೋಯಿತು. ವರ್ಷಗಳ ಚಟಕ್ಕೆ ಬಾಯಿ ತಾನೇ ಮುಚ್ಚಿಕೊಂಡಿತು. ಅಣ್ಣನನ್ನು ಬಲ್ಲ ಸೈಫ ಸಣ್ಣಗೆ ನಕ್ಕ.

"ಇರಲಿ. ಲೈಟ್ ಬಂದ್ ಮ್ಯಾಲ ಹೇಳು."

ಅದು ಬರುವಷ್ಟರಲ್ಲಿ ಅವನು ಹೋಗಿದ್ದ.

ಜುಬೇದಾಳ ಅಳುವಿನ ನಡುವೆ ಲೈಟು ಬಂತು. ಯಾರೂ ಮುಟ್ಟದೆಯೇ ಯಂತ್ರ ಎದ್ದು, ಬಿಟ್ಟಲ್ಲಿಂದ ಸೇರಿಸಿ ಮುಗಿಸಿತು. ಹಳ್ಳದ ತಿರುವು ಪರದೆಯ ಮೇಲೆ ಬಂದು ನಿಂತಿತು. ಅಮಜದ ತಮ್ಮನ ಕಿವಿಗೆ ಬಾಗಿ, ಬಿಟ್ಟ ಶಬ್ದದಿಂದಲೇ ಮುಂದುವರಿಸಿದ:

"ತಪ್ಪು ಇರಲಿಲ್ಲೋ, ತಮ್ಮಾ."

ಆ ಪ್ರೋಗ್ರಾಮನ್ನು ಅವನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಲೈಟು ಹೋಗುವುದನ್ನೇ ಕಾಣದ ದೇಶಗಳಿಂದಲೂ ಉಪಕಾರ ಸ್ಮರಿಸಿ ಬರೆದರಂತೆ. ಈಗ ಲೈಟು ಹೋದರೆ ಅಮಜದ ನಿಲ್ಲುವುದಿಲ್ಲ. ಕತ್ತಲಲ್ಲಿ ಮಾತನ್ನು ಅವಸರವಸರವಾಗಿ ಮುಗಿಸುತ್ತಾನೆ, ಭಜಿಯ ಮಾತಾದರೂ ಸರಿ. ಸಲಾಮಿನ ಕತೆಯನ್ನು ನಾನು ಅವನ ಮುಂದೆ ಹೇಳುವುದಿಲ್ಲ.

ಕೆಟ್ಟು ನಿಂತದ್ದನ್ನು ಮತ್ತೆ ನಡೆಸಬಲ್ಲವರಿಗೆಲ್ಲ ಒಂದು ನಂಬಿಕೆಯಿರುತ್ತದೆ, ನಿಂತದ್ದು ನಿಂತಲ್ಲೇ ತಮಗಾಗಿ ಕಾದಿರುತ್ತದೆ ಎಂದು. ಯಂತ್ರಗಳು ಆ ನಂಬಿಕೆಯನ್ನು ಎಂದೂ ಸುಳ್ಳು ಮಾಡುವುದಿಲ್ಲ. ಆದರೆ ಪಾಪ, ಅವರೂ ಮನುಷ್ಯರ ನಡುವೆಯೇ ಬಾಳಬೇಕು.