ಭಂಡಾರ ನುಂಗಿದ ಇಂಜಿನ್

ಇಂಜಿನ್ನಿನ ಗಾಳಿ ಸೋಸುವ ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಎದ್ದ ನಾತಕ್ಕೆ ಬೈಲಹೊಂಗಲದ ಅರ್ಧ ಪೇಟೆ ಮೂಗು ಮುಚ್ಚಿಕೊಂಡಿತು. ಉಳಿದರ್ಧ ಸಂಪಗಾಂವದ ಬಸ್ಸು ಹತ್ತಿ ಊರನ್ನೇ ಬಿಟ್ಟಿತು. ಯಮುನಾಬಾಯಿ ಮಾತ್ರ ಕದಲಲಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ಕೊಳೆತ ತತ್ತಿಯ ವಾಸನೆಯ ಅನಿಲವನ್ನು ವರ್ಷಕ್ಕೊಮ್ಮೆ ತಾವೇ ತಯಾರಿಸಿದ ಮೂಗು ಅವರದು. ಆದರೂ ಸೆರಗು ಬಾಯಿಗೆ ಒತ್ತಿಕೊಂಡು, "ಥೂ! ಏನೋ ಕಲ್ಮೇಶ ಇದು?" ಎಂದರು.

"ಇಲಿ ರೀ ಅಕ್ಕಾರ," ಎಂದ ಮೆಕ್ಯಾನಿಕ್ ಕಲ್ಮೇಶ. "ಬರೇ ಇಲಿ ಅಲ್ಲ, ಇಲಿಗಳ ವಾಡೇನ ಐತಿ."

ಸುಳ್ಳಲ್ಲ. ಕಾರು ಓಡದೆ ನಿಂತ ಎಂಟು ವರ್ಷದಲ್ಲಿ ಹದಿನಾರು ತಲೆಮಾರು ಅಲ್ಲಿ ಸಂಸಾರ ಮಾಡಿತ್ತು. ಪೇಟೆಯ ಹತ್ತಿಯ ಹಾಸಿಗೆ, ಶೇಂಗಾ ಸಿಪ್ಪೆಯ ಗುಡ್ಡ, ಯಾರದೋ ಲಗ್ನಪತ್ರಿಕೆಯ ಅರ್ಧ, ಮೂಲೆಯಲ್ಲಿ ಹಪ್ಪಳದಂತೆ ಒಣಗಿ ಮಲಗಿದ ಆ ಮನೆತನದ ಹಿರಿಯರೊಬ್ಬರು. ಪೆಟ್ರೋಲ್ ಟಾಕಿಯಲ್ಲಿ ಉಳಿದದ್ದು ಪೆಟ್ರೋಲ್ ಅಲ್ಲ, ಕಾಕಂಬಿ. ಅದನ್ನು ಕೋಲಿಗೆ ಸುತ್ತಿದರೆ ಜಾತ್ರೆಯಲ್ಲಿ ಮಾರಬಹುದಿತ್ತು.

ಕಾರು ಎಂದರೆ ಎಂಥ ಕಾರು! ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರುಗಳೇ ಎರಡಿದ್ದ ವಿಲಾಯತಿ ಗಾಡಿ. ಕುಳಿತರೆ ರಸ್ತೆಯ ಇರುವೆಯ ಕಣ್ಣಿಗೆ ನಮ್ಮ ಕಣ್ಣು ಕೂಡುವಷ್ಟು ಗಿಡ್ಡ. ನಲವತ್ತನೇ ವಯಸ್ಸಿನಲ್ಲಿ ಯಮುನಾಬಾಯಿ ಅದನ್ನು ಗೋವಾದ ಒಬ್ಬ ಡಾಕ್ಟರರಿಂದ ಕೊಂಡು, ಒಂಬತ್ತು ವಾರಿ ಕಚ್ಚೆಯ ಮುದುಕಿಯರು ಬೆರಳು ಕಚ್ಚುವಂತೆ ಓಡಿಸಿಕೊಂಡು ಸಾಲಿಗೆ ಹೋಗುತ್ತಿದ್ದರು. ಕಣ್ಣಿನ ಪೊರೆ ಬಂದು ನಿಲ್ಲಿಸಿದರು. ಪೊರೆ ತೆಗೆಸುವ ಹೊತ್ತಿಗೆ ಕಾರು ನಿಂತ ಶೆಡ್ಡು ಆಸ್ತಿಯ ವಾಟಣಿಯಲ್ಲಿ ತಮ್ಮ ಸಮೀರನ ಪಾಲಿಗೆ ಹೋಗಿತ್ತು. ಒಳಗಿನ ಕಾರೂ ತನ್ನದೇ ಎಂಬುದು ಅವನ ವಾದ.

ಸಮೀರನಿಗೆ ಉಗರಗೋಳದ ಹತ್ತಿರ ಒಂದು ಧಾಬಾ. ಕಾರನ್ನು ಕ್ರೇನಿನಿಂದ ಎತ್ತಿ ಧಾಬಾದ ಛಾವಣಿಯ ಮೇಲೆ ಕೂರಿಸುವುದು, ಬಾನೆಟ್ಟಿನಲ್ಲಿ ಮಣ್ಣು ತುಂಬಿ ಚೆಂಡುಹೂವು ಹಚ್ಚುವುದು, ಸ್ಟಿಯರಿಂಗಿಗೆ ರುಮಾಲು ಸುತ್ತಿದ ಗೊಂಬೆ ಕೂರಿಸಿ ಕೈಗೊಂದು ರೊಟ್ಟಿ ಕೊಡುವುದು, ಇದು ಅವನ ಕನಸು. ನೆಂಟರೆಲ್ಲ ಹೋಳಿಗೆ ಉಣ್ಣುತ್ತಿದ್ದ ಪಂಕ್ತಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟ. ಯಮುನಾಬಾಯಿಗೆ ಉಂಡ ಹೋಳಿಗೆ ಗಂಟಲಿಗೆ ವಾಪಸ್ಸು ಬಂತು.

"ರೊಟ್ಟಿ ಹಿಡಿದ ಗೊಂಬಿ? ನನ್ನ ಗಾಡಿ ಒಳಗ? ಹೇಸಿಗಿ ಬರಂಗಿಲ್ಲೇನೋ ನಿನಗ?"

"ಓಡದ ಗಾಡಿ ಅಕ್ಕಾ ಅದು. ಇಟ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀಯೇನು?"

"ಓಡದ ಗಾಡಿ? ಉಗರಗೋಳದಿಂದ ಎಲ್ಲಮ್ಮನ ಗುಡ್ಡದ ತುದೀತನಕ, ತನ್ನ ಇಂಜಿನ್ನಿನ ಶಕ್ತಿಮ್ಯಾಲೇ ಏರಿಸಿ ತೋರಸ್ತೀನಿ. ಏರ್ತು ಅಂದ್ರ ಕಾರೂ ನಂದು, ಅದು ನಿಲ್ಲೋ ಶೆಡ್ಡೂ ನಂದು. ನಡುವ ಇಂಜಿನ್ ನಿಂತ್ರ ಒಯ್ದು ಛಾವಣಿಮ್ಯಾಲ ಇಡು. ನಾನs ಬಂದು ಚೆಂಡುಹೂವಿಗೆ ನೀರು ಹಾಕ್ತೀನಿ."

ಹೀಗೆ ನಲವತ್ತು ಎಂಜಲು ಎಲೆಗಳ ಸಾಕ್ಷಿಯಾಗಿ ಮಾತು ಆಗಿಹೋಯಿತು.

ಮುಂದಿನ ಒಂದು ತಿಂಗಳು ಯಮುನಾಬಾಯಿಗೆ ನಿದ್ದೆಯಲ್ಲೂ ಹೇವರಿಕೆ. ಪಿಸ್ಟನ್ನಿನ ತಲೆಯ ಮೇಲೆ ಹೋಟೆಲಿನ ತವೆಯಷ್ಟು ಕರಿ. ಸ್ಪಾರ್ಕ್ ಪ್ಲಗ್ಗುಗಳ ಮೂತಿ ತಂಬಾಕು ತಿಂದ ಹಲ್ಲು. ಅದಕ್ಕಿಂತ ಹೊಲಸು ಎಂದರೆ ಊರ ಮಂದಿಯ ಸಲಹೆ. ಒಬ್ಬ ಪೆಟ್ರೋಲಿಗೆ ಕರ್ಪೂರ ಹಾಕಿ ಅಂದ. ಇನ್ನೊಬ್ಬ ಹರಳೆಣ್ಣೆ ಅಂದ. ಮೂರನೆಯವನು ಸೈಲೆನ್ಸರ್ ಕಿತ್ತೊಗೆದರೆ ಗಾಡಿ ವಿಮಾನವಾಗುತ್ತದೆ ಎಂದು ಆಣೆ ಮಾಡಿದ. ಯಮುನಾಬಾಯಿ ಎಲ್ಲರನ್ನೂ ನಾಯಿ ಅಟ್ಟಿದಂತೆ ಅಟ್ಟಿ, ತಮ್ಮ ಪದ್ಧತಿಯಲ್ಲೇ ಹೋದರು. ವಾಲ್ವುಗಳ ಸಂದು ಅಳೆದು ಕೂರಿಸಿದರು, ಕಿಡಿ ಹಾರುವ ಗಳಿಗೆಯನ್ನು ಕೂದಲೆಳೆಯಷ್ಟು ಮುಂದೆ ತಂದರು. ಕಡೆಗೆ ಒಂದು ರಬ್ಬರ್ ನಳಿಗೆಯ ತುದಿಯನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಒಮ್ಮೆ ಈ ಕಾರ್ಬ್ಯುರೇಟರಿಗೆ, ಒಮ್ಮೆ ಆ ಕಾರ್ಬ್ಯುರೇಟರಿಗೆ ಹಿಡಿದು, ಎರಡರ ಉಸಿರಿನ ಸಪ್ಪಳ ಒಂದೇ ಆಗುವವರೆಗೂ ತಿರುಪು ತಿರುವಿದರು. ರಾಮದುರ್ಗದಲ್ಲಿ ಹಲ್ಲಿ ಲೊಚಗುಟ್ಟಿದರೆ ಬೈಲಹೊಂಗಲದಲ್ಲಿ ಕೇಳಿಸಿಕೊಳ್ಳುವ ಕಿವಿ ಅದು. ಎರಡು ಉಸಿರು ಹೊಂದಿಸುವುದು ಅದಕ್ಕೆ ಯಾವ ಲೆಕ್ಕ?

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕಲ್ಮೇಶ ಒಂದು ದಿನ ಹಿತ್ತಾಳೆಯ ಎರಡು ತುತ್ತೂರಿ ತಂದ. ಸವದತ್ತಿಯ ಬ್ಯಾಂಡಿನವರು ಬಿಸಾಡಿದ ವಾದ್ಯಗಳ ಬಾಯಿ ಕೊಯ್ದು ಮಾಡಿದ್ದು.

"ಅಕ್ಕಾರ, ಗಾಳಿ ಡಬ್ಬಿ ತಗದು ಇವನ್ನ ಹಾಕೂಣು. ಡಬ್ಬಿ ಅಂದ್ರ ಮೂಗಿಗೆ ಅರಿವಿ ಕಟ್ಟಿದಂಗ. ಇಂಜಿನ್ ಉಸಿರಾಡಲಿ ರೀ!"

ಸೋಸದ ನೀರು ಕುಡಿಯಬಾರದು, ಸೋಸದ ಗಾಳಿಯನ್ನು ಇಂಜಿನ್ನಿಗೆ ಕುಡಿಸಬಾರದು ಎಂದು ಎಷ್ಟೋ ಮಕ್ಕಳಿಗೆ ಬರೆಸಿದವರು ಯಮುನಾಬಾಯಿ. ಆದರೂ ಸಂಪಗಾಂವದ ರಸ್ತೆಯಲ್ಲಿ ಒಂದು ಸಲ ಓಡಿಸಿ ನೋಡಿದರು ನೋಡಿ, ಆ ಗರ್ಜನೆಗೆ ಕಿತ್ತೂರಿನ ಕೋಟೆಯ ಪಾರಿವಾಳಗಳು ಹಾರಿ ಧಾರವಾಡದಲ್ಲಿ ಇಳಿದವು. ಅರವತ್ತೈದರ ಹೆಂಗಸಿನ ಮೈಯಲ್ಲಿ ಹದಿನಾರರ ಆಸೆ ಎದ್ದಿತು. "ಗುಡ್ಡ ಏರೂತನಕ ಇರಲಿ," ಎಂದುಬಿಟ್ಟರು.

ಮಂಗಳವಾರ ಬೆಳಿಗ್ಗೆ ಉಗರಗೋಳ. ಸಮೀರ ಜೀಪಿನಲ್ಲಿ ಹಿಂದೆ ಬರಲು ಸಿದ್ಧನಾಗಿದ್ದ. ಕ್ರೇನಿನವನಿಗೆ ಫೋನೂ ಮಾಡಿದ್ದ. ಯಮುನಾಬಾಯಿ ಬಾನೆಟ್ ತೆರೆದು, ಇಂಜಿನ್ ಚಾಲೂ ಇಟ್ಟು, ಕಡೆಯ ಸಲ ನಳಿಗೆ ಹಚ್ಚಿ ಕೇಳುತ್ತಿದ್ದರು. ಅಷ್ಟರಲ್ಲಿ ಕಲ್ಮೇಶನ ತಾಯಿ ಬಾಯವ್ವ ಬುಟ್ಟಿ ಹಿಡಿದು ಬಂದಳು. ಮಗ ತಿಂಗಳಿಡೀ ದುಡಿದ ಗಾಡಿ, ತಾಯಿಯ ಗುಡ್ಡಕ್ಕೆ ಹೊರಟಿದೆ, ಪೂಜೆಯಿಲ್ಲದೆ ಹೋಗುವುದುಂಟೇ? ಕುಂಕುಮ ಹಚ್ಚಿದಳು, ಕಾಯಿ ಒಡೆದಳು. ಆಮೇಲೆ, ಯಾರೂ ಬೇಡ ಅನ್ನುವ ಮೊದಲೇ, "ಉಧೋ ಉಧೋ!" ಎಂದು ಎರಡು ಕೈ ತುಂಬ ದೇವಿಯ ಅರಿಷಿಣದ ಭಂಡಾರ ಎತ್ತಿ ಇಂಜಿನ್ನಿನ ಮೇಲೆ ತೂರಿದಳು.

ತುತ್ತೂರಿಗಳು ಹಸಿದ ಕರುಗಳಂತೆ ಅದನ್ನು ಎಳೆದುಕೊಂಡವು. ಒಂದು ಕಣ ಅರಿಷಿಣವೂ ಹೊರಗೆ ಉಳಿಯಲಿಲ್ಲ.

"ಅಯ್ಯೋ ಬಾಯವ್ವಾ, ಏನು ಮಾಡಿದಿ!"

"ತಾಯಿ ಒಳಗ ಹ್ವಾದ್ಲು ತಗೋರಿ ಅಕ್ಕಾರ. ಇನ್ನ ಅಕೀನ ಏರಸ್ತಾಳ."

ಇಂಜಿನ್ ಒಮ್ಮೆ ಕೆಮ್ಮಿತು, ಮತ್ತೆ ಸುಧಾರಿಸಿಕೊಂಡಿತು. ಸಮೀರ ಹಲ್ಲು ಕಿರಿದು ನೋಡುತ್ತಿದ್ದ. ಯಮುನಾಬಾಯಿ ಹಲ್ಲು ಕಚ್ಚಿ ಹೊರಟೇಬಿಟ್ಟರು.

ಎರಡನೇ ತಿರುವಿಗೆ ಸೈಲೆನ್ಸರಿನಿಂದ ಹಳದಿ ಹೊಗೆ ಬಂತು. ಎಷ್ಟು ಹೊಗೆ? ಗುಡ್ಡದ ಕೋತಿಗಳೆಲ್ಲ ಅರಿಷಿಣ ಹಚ್ಚಿಕೊಂಡ ವಧುಗಳಾದವು. ಮೂರನೇ ತಿರುವಿಗೆ ಒಂದು ಕಾರ್ಬ್ಯುರೇಟರ್ ಸತ್ತಿತು, ಅದರ ಬೆನ್ನಿಗೇ ಇನ್ನೊಂದು. ಕೀಲಿ ತಿರುವಿದರೆ ಬರೀ ನರಳಾಟ. ಆದರೆ ಕಾರು ನಿಲ್ಲಲಿಲ್ಲ! ಸೈಲೆನ್ಸರಿನಿಂದ ಭಂಡಾರ ಉಗುಳುವ ಗಾಡಿ ಕಂಡ ಭಕ್ತರು ನಾಲ್ಕೂ ದಿಕ್ಕಿನಿಂದ ಓಡಿಬಂದು ಕೈ ಹಚ್ಚಿದ್ದರು. ಕೆಲವರು ಬಿಸಿ ಸೈಲೆನ್ಸರಿನ ಮಸಿಯನ್ನೇ ಬಳಿದು ಹಣೆಗೆ ಹಚ್ಚಿಕೊಂಡರು. ಒಬ್ಬ ಅದನ್ನು ನೆಕ್ಕಿದ. "ಬಿಡ್ರೀ, ಮುಟ್ಟಬ್ಯಾಡ್ರೀ!" ಎಂದು ಯಮುನಾಬಾಯಿ ಕೂಗಿದ್ದು ಉಧೋ ಉಧೋದಲ್ಲಿ ಮುಳುಗಿಹೋಯಿತು. ಸತ್ತ ಇಂಜಿನ್ ಗುಡ್ಡದ ತುದಿ ಮುಟ್ಟಿತು.

ಗದ್ದಲದಲ್ಲಿ ಸಿಕ್ಕಿಕೊಂಡ ಸಮೀರ ಅರ್ಧ ತಾಸಿನ ನಂತರ ಬಂದ. ಕಾರು ತುದಿಯಲ್ಲಿ ನಿಂತದ್ದು ನೋಡಿ ಮುಖ ಸಣ್ಣಗೆ ಮಾಡಿಕೊಂಡ.

"ಆತು ಅಕ್ಕಾ, ಗೆದ್ದಿ. ಶೆಡ್ಡೂ ನಿಂದs."

ಪಕ್ಕದ ಸೀಟಿನಲ್ಲಿ ಬಂದಿದ್ದ ಕಲ್ಮೇಶ ಅಕ್ಕಾರ ಕಾಲು ತುಳಿದ. ಸುಮ್ಮನಿರಿ ಎಂದು ಕಣ್ಣಲ್ಲೇ ಬೇಡಿಕೊಂಡ. ಯಮುನಾಬಾಯಿಗೆ ಇಲಿ ಸತ್ತ ಡಬ್ಬಿ ಮೂಸಿದಾಗಲೂ ಅಷ್ಟು ಹೇಸಿಕೆ ಆಗಿರಲಿಲ್ಲ. ನಕಲು ಚೀಟಿ ಇಟ್ಟುಕೊಂಡ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ ಕೈ ಅವರದು.

"ಇಲ್ಲೋ. ಮೂರನೇ ತಿರುವಿನಾಗ ಇಂಜಿನ್ ನಿಂತದ. ಮಂದಿ ನೂಕಿ ತಂದಾರ. ನಾನು ಫೇಲು."

ಸಮೀರನ ಮುಖ ಅರಳಿತು. ಫೋನಿಗೆ ಕೈ ಹಾಕಿದ.

"ಇಡು ಫೋನು," ಎಂದರು ಯಮುನಾಬಾಯಿ. "ಹತ್ತನೇ ಕ್ಲಾಸಿನ ವಿಜ್ಞಾನದಾಗ ನೀ ಎಷ್ಟು ಸಲ ಫೇಲಾಗಿದ್ದೆಪಾ?"

"...ಮೂರು ಸಲ."

"ಮೂರು ಸಲಾನೂ ಮರುಪರೀಕ್ಷೆಗೆ ಕೂಡಿಸಿ, ರಾತ್ರಿ ಎಲ್ಲಾ ಓದಿಸಿ ದಾಟಿಸಿದಾಕಿ ಯಾರು? ನನಗ ಒಂದು ಸಲ ಸಾಕು. ಇವತ್ತೇ."

ಸುತ್ತ ನೆರೆದ ಮಂದಿ ಕಿಸಕ್ಕೆಂದಿತು. ಸಮೀರ ಫೋನು ಕಿಸೆಗೆ ಇಳಿಸಿದ. "ಹೂಂ, ಆದ್ರ ಒಂದs ಸಲ," ಎಂದ.

ಕಾರನ್ನು ಇಳಿಜಾರಿನಲ್ಲಿ ಹಾಗೇ ಉರುಳಿಸಿಕೊಂಡು ಉಗರಗೋಳಕ್ಕೆ ತಂದರು. ಕಾರ್ಬ್ಯುರೇಟರ್ ಬಿಚ್ಚಿದರೆ ಒಳಗೆ ಪೆಟ್ರೋಲಿನಲ್ಲಿ ಕಲಸಿದ ಭಂಡಾರ, ಥೇಟು ಹಳಸಿದ ಕಡಲೆಹಿಟ್ಟಿನ ಝುಣಕ. ಗಾಳಿ ಪಂಪು ಇಲ್ಲ. ಯಮುನಾಬಾಯಿ ಪೆಟ್ರೋಲು ಚಿಮ್ಮುವ, ಸೂಜಿಗಣ್ಣಿನಷ್ಟು ಸಣ್ಣ ತೂತಿನ ಜೆಟ್ಟುಗಳನ್ನು ಒಂದೊಂದಾಗಿ ಬಾಯಿಗಿಟ್ಟು ಊದಿದರು. ಊದಿದ್ದಕ್ಕಿಂತ ಉಗುಳಿದ್ದೇ ಹೆಚ್ಚು. ಪ್ಲಗ್ಗು ಉಜ್ಜಿದರು. ಗಾಳಿ ಡಬ್ಬಿ ಮಾತ್ರ ಬೈಲಹೊಂಗಲದಲ್ಲಿ ಉಳಿದಿತ್ತು.

ಎದುರಿಗೆ ಉಡಿ ತುಂಬುವ ಸಾಮಾನಿನ ಅಂಗಡಿ. ಯಮುನಾಬಾಯಿ ಹೋಗಿ ರವಿಕೆ ಹೊಲಿಸುವ ಒಂದು ಹಸಿರು ಜಂಪರ್ ತುಣುಕನ್ನು ಬೆಳಕಿಗೆ ಹಿಡಿದರು. ಅದರ ಆಚೆ ನಿಂತ ಅಂಗಡಿಯವನ ಮೀಸೆಯ ಕೂದಲು ಎಣಿಸಬಹುದಿತ್ತು.

"ದೇವೀಗೆ ಇಂಥಾದ್ದು ಏರಸ್ತೀರೇನೋ, ನಾಚಿಗಿಗೇಡಿಗಳ್ರಾ! ಹಿಟ್ಟು ಸೋಸಬಹುದಲ್ಲೋ ಇದರಾಗ!" ಎಂದು ಬೈದು, "ಎರಡು ಕೊಡು," ಎಂದರು.

ಎರಡೂ ತುತ್ತೂರಿಗಳ ಬಾಯಿಗೆ ಅದನ್ನು ಬಿಗಿದು ಕಟ್ಟಿದರು. ಇಂಜಿನ್ನಿನ ಉಸಿರು ಸ್ವಲ್ಪ ಕಟ್ಟಿತು. ಮತ್ತೆ ನಳಿಗೆ, ಮತ್ತೆ ಕಿವಿ, ಮತ್ತೆ ತಿರುಪು. ಗರ್ಜನೆ ಹೋಗಿ, ಉಂಡ ಬೆಕ್ಕಿನ ಗುರುಗುರು ಉಳಿಯಿತು. ಬಾಯವ್ವ ಬುಟ್ಟಿ ಎತ್ತಿಕೊಂಡು ಬಂದಾಗ ಕಲ್ಮೇಶ ತಾಯಿಗೆ ಅಡ್ಡ ಬಿದ್ದ. "ಯವ್ವಾ, ನಿನ್ನ ಕಾಲು ಬೀಳತೇನಿ, ಗಾಲಿಗೆ ಹಾಕು! ಗಾಲಿಗೆ ಅಷ್ಟ ಹಾಕು!"

ಈ ಸಲ ವೇಗವಿಲ್ಲ, ಹೊಗೆಯಿಲ್ಲ. ಯಮುನಾಬಾಯಿ ಎರಡನೇ ಗೇರು ಬಿಡಲಿಲ್ಲ, ಸಪ್ಪಳ ಇಳಿಯಲೂ ಬಿಡಲಿಲ್ಲ. ಇಂಜಿನ್ನಿಗಿಂತ ದೊಡ್ಡ ಗಂಡಾಂತರ ಭಕ್ತರು. ಬೆಳಗಿನ ಪವಾಡದ ಸುದ್ದಿ ಹತ್ತು ಹಳ್ಳಿ ದಾಟಿತ್ತು. ರಸ್ತೆಯ ಎರಡೂ ಬದಿ ಕೈ ಚಾಚಿ ನಿಂತಿದ್ದರು. ಒಂದು ಕೈ ಹತ್ತಿದರೂ ಪರೀಕ್ಷೆ ಕೆಟ್ಟೀತು! ಕಲ್ಮೇಶ ಹಿಂದೆ ಓಡುತ್ತ, ಟವೆಲ್ಲಿನಿಂದ ಪುಣ್ಯವಂತರ ಕೈಗಳ ಮೇಲೆ ಬಾರಿಸುತ್ತ ಬಂದ. "ಹಿಂದ ಸರೀರಿ! ಮುಟ್ಟಿದ್ರ ಪಾಪ ಹತ್ತತೈತಿ!" ಮೂರನೇ ತಿರುವಿನಲ್ಲಿ ಒಂದು ಸಿಲಿಂಡರ್ ತಡವರಿಸಿತು. ಅದು ಬಿಕ್ಕಿತು, ನುಂಗಿತು, ಮತ್ತೆ ಉಳಿದ ಮೂರರ ಜೊತೆ ಹೆಜ್ಜೆ ಹಾಕಿತು.

ತುದಿಯಲ್ಲಿ ಸಮೀರ ಮೊದಲೇ ಬಂದು ನಿಂತಿದ್ದ. ಶೆಡ್ಡಿನ ಕೀಲಿ ಅಕ್ಕನ ಮಡಿಲಿಗೆ ಹಾಕಿದ. ಯಮುನಾಬಾಯಿ ಇಂಜಿನ್ ಆರಿಸಿ, "ಕಲ್ಮೇಶ, ಆಯಿಲ್ ಇಲ್ಲೇ ಬದಲಿ ಮಾಡು. ಒಳಗ ಅರಿಷಿಣ ಇಟ್ಕೊಂಡು ಒಂದು ಹೆಜ್ಜಿ ಇಳಸಂಗಿಲ್ಲ," ಎಂದರು.

ಕಲ್ಮೇಶ ಕೆಳಗೆ ಡಬ್ಬಿ ಇಟ್ಟು ಬೋಲ್ಟು ಬಿಚ್ಚಿದ. ಕಪ್ಪು ಹಳದಿ ಕಲಸಿದ, ನಾರುವ, ಜಿಗಟು ರಾಡಿ ಲೊಳಕ್ಕನೆ ಇಳಿಯಿತು. ತಲೆ ಎತ್ತಿ ನೋಡಿದರೆ ಇಪ್ಪತ್ತು ಮಂದಿ ಬಾಟಲಿ, ತಂಬಿಗೆ ಹಿಡಿದು ಪಾಳಿ ಹಚ್ಚಿದ್ದರು. ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ.

"ಒಂದ ಚಮಚಾ ತೀರ್ಥ ಹಾಕ್ರಿ ಯವ್ವಾ."

"ತೀರ್ಥ ಅಲ್ಲವಾ ಅದು!" ಯಮುನಾಬಾಯಿ ಸೆರಗಿನಿಂದ ನಾಲಿಗೆ ಒರೆಸಿಕೊಳ್ಳುತ್ತ ಚೀರಿದರು. "ಇಂಜಿನ್ನಿನ ಹೇಲು!"

ಮುದುಕಿ ಬೊಗಸೆ ಹಿಂದೆ ತೆಗೆಯಲಿಲ್ಲ. "ಇದ್ರ ಇರವಲ್ದ್ಯಾಕ ಬಿಡ್ರಿ," ಎಂದಳು, "ಮೊಣಕಾಲಿಗೆ ಹಚ್ಚತೇನಿ."