ಹೆಪ್ಪಿನ ನೀರು

ಚಳಿ ಬಿದ್ದ ಮೇಲೆ ಟೊಮೇಟೊ ಹಣ್ಣಾಗುವುದಿಲ್ಲ, ಗಿಡದಲ್ಲೇ ಕಪ್ಪಾಗಿ ಕೊಳೆಯುತ್ತದೆ. ಹಸಿರಿರುವಾಗಲೇ ಕಿತ್ತು ಉಪ್ಪಿನಕಾಯಿ ಹಾಕಿಬಿಡಬೇಕು. ಅಮ್ಮ ಹಾಕುತ್ತಿದ್ದಳು, ಅವಳ ನಂತರ ನಾನು, ನನ್ನ ತಮ್ಮ ಸೇರಿ ಹಾಕುತ್ತಿದ್ದೆವು. ಈ ವರ್ಷವೂ ಗಿಡ ನೆಟ್ಟವನು ಅವನೇ. ಕೀಳುವ ಹೊತ್ತಿಗೆ ಅವನೇ ಇಲ್ಲ.

ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿ ಬೆಳಿಗ್ಗೆಯೇ ತಮ್ಮನ ಮನೆಗೆ ಹೋದೆ. ಅವನ ಹೆಂಡತಿ ಹಿತ್ತಲಲ್ಲಿ ನಿಂತಿದ್ದಳು. ಅವನು ಗ್ಯಾರೇಜಿಗೆ ಹಾಕಿಕೊಂಡು ಹೋಗುತ್ತಿದ್ದ ಅಂಗಿಯನ್ನು ತೊಟ್ಟಿದ್ದಳು, ತೋಳು ಬೆರಳಿನ ತುದಿ ದಾಟಿ ಇಳಿಬಿದ್ದಿತ್ತು. ಎಷ್ಟು ಒಗೆದರೂ ಹೋಗದ ಆಯಿಲ್ ಕಲೆ ಎದೆಯ ಮೇಲೆ ಹಾಗೇ ಇತ್ತು.

"ಬನ್ನಿ ಅತ್ತಿಗೆ, ಕಾಫಿ ಮಾಡ್ಲಾ?"

"ಕಾಫಿ ಎಲ್ಲಿಗೂ ಓಡಿ ಹೋಗಲ್ಲ. ಮೊದ್ಲು ಬುಟ್ಟಿ ತಾ."

ನನ್ನ ಬಾಯೇ ಹಾಗೆ. ಅಕ್ಕ ನೀರು ಕೇಳಿದರೂ ಜಗಳಕ್ಕೆ ಬಂದ ಹಾಗಿರುತ್ತದೆ ಎಂದು ತಮ್ಮ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಅವಳು ಬುಟ್ಟಿ ತಂದಳು. ಇಬ್ಬರೂ ಕಾಯಿ ಕಿತ್ತೆವು. ಗಟ್ಟಿ ಇದ್ದದ್ದು ಬುಟ್ಟಿಗೆ, ಒಂದಿಷ್ಟು ಕೆಂಪು ತಿರುಗಿದ್ದು ಪಕ್ಕಕ್ಕೆ. ಮೆತ್ತಗಾಗುವ ಕಾಯಿ ಒಂದಿದ್ದರೂ ಸಾಕು, ಜಾಡಿಯನ್ನೇ ಕೆಡಿಸುತ್ತದೆ. ಗಿಡಗಳಿಗೆ ಕಟ್ಟಿದ ದಾರದ ಗಂಟು ತಮ್ಮನದೇ. ಆಗಲೇ ಕೈ ನಡುಗುತ್ತಿತ್ತೋ ಏನೋ, ಗಂಟುಗಳೆಲ್ಲ ಸಡಿಲವಾಗಿದ್ದವು.

ಅಡುಗೆಮನೆಯಲ್ಲಿ ಅವಳು ಕಾಯಿ ತೊಳೆದು ಒರೆಸಿ ಎರಡು ಹೋಳು ಮಾಡುತ್ತಿದ್ದಳು. ನಾನು ಬೆಳ್ಳುಳ್ಳಿ ಸುಲಿದು, ಕಾಳುಮೆಣಸು ಜಜ್ಜಿ, ಉಪ್ಪುನೀರು ಕುದಿಸಿ ಆರಲು ಇಟ್ಟೆ. ಇಷ್ಟನ್ನು ಯಾರು ಬೇಕಾದರೂ ಮಾಡಬಹುದು. ನಮ್ಮ ಉಪ್ಪಿನಕಾಯಿಯ ಜೀವ ಇರುವುದು ಹೆಪ್ಪಿನ ನೀರಿನಲ್ಲಿ. ಹೋದ ವರ್ಷದ ಜಾಡಿಯಲ್ಲಿ ಕಾಯಿ ಮುಗಿದರೂ ನೀರು ಚೆಲ್ಲುವುದಿಲ್ಲ. ಹಾಲಿಗೆ ಮೊಸರಿನ ಹೆಪ್ಪು ಹಾಕಿದಂತೆ, ಅದನ್ನು ಹೊಸ ಉಪ್ಪುನೀರಿಗೆ ಸೇರಿಸುತ್ತೇವೆ. ಅಮ್ಮ ಸತ್ತ ವರ್ಷವೂ ಅವಳು ಉಳಿಸಿದ ನೀರಿಗೇ ನಾವು ಕಾಯಿ ಹಾಕಿದ್ದೆವು. ಅವಳ ಕೈರುಚಿ ಹಾಗೇ ಉಳಿದಿತ್ತು. ಈಗ ಅದರಲ್ಲಿ ತಮ್ಮನದೂ ಇದೆ. ಅವನದು ಅಂತ ನನಗೆ ಉಳಿದಿರುವುದು ಅದೊಂದೇ ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದೆ.

"ಹಳೇ ಜಾಡಿ ಎಲ್ಲಿ?"

ಅವಳ ಚಾಕು ನಿಂತಿತು. "ಅಲ್ಲೇ ಇದೆ ಅತ್ತಿಗೆ, ಕೆಳಗಡೆ."

ಬಗ್ಗಿ ಎಳೆದೆ. ಹಗುರಾಗಿ ಬಂತು. ಮುಚ್ಚಳ ತೆಗೆದರೆ ಒಳಗೆ ತೊಳೆದು ಒಣಗಿಸಿ ಫಳಫಳ ಹೊಳೆಯುತ್ತಿದೆ. ಮೂಸಿದೆ. ಸೋಪಿನ ವಾಸನೆ.

"ನೀರು ಎಲ್ಲಿ?"

"ಇಲ್ಲ."

"ಇಲ್ಲ ಅಂದ್ರೆ? ಚೆಲ್ಲಿದ್ಯಾ?"

ಅವಳು ತಲೆ ತಗ್ಗಿಸಿದಳು. ನನಗೆ ಅಷ್ಟು ಸಾಕಾಯಿತು.

"ಅಯ್ಯೋ, ನಿನ್ನ ತಲೆಗಿಷ್ಟು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತ ಸುಮ್ನೆ ಹೇಳ್ತಾರಾ? ನಮ್ಮಮ್ಮ ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದು ಅದು! ವಾಸನೆ ಬಂತು ಅಂತ ಬಚ್ಚಲಿಗೆ ಸುರಿದ್ಯಾ? ನನ್ನನ್ನ ಒಂದು ಮಾತು ಕೇಳೋಕೆ ನಿಂಗೇನು ಬಾಯಿ ಬಿದ್ದೋಗಿತ್ತಾ?"

ಅವಳು ಮತ್ತೆ ಕಾಯಿ ಹೆಚ್ಚತೊಡಗಿದಳು. ಅದು ನನ್ನನ್ನು ಇನ್ನೂ ಕೆರಳಿಸಿತು.

"ಅವನನ್ನೂ ಉಳಿಸ್ಕೊಳ್ಳಲಿಲ್ಲ, ಅವನ ಜಾಡೀನೂ ಉಳಿಸ್ಕೊಳ್ಳಲಿಲ್ಲ ನೀನು!"

ಮಾತು ಆಡಿದರೆ ಹೋಯಿತು. ಅಂದದ್ದು ನನ್ನ ಕಿವಿಗೇ ಬಿತ್ತು. ಅವಳು ಚಾಕು ಕೆಳಗಿಟ್ಟು, ಉದ್ದದ ತೋಳಿನಲ್ಲಿ ಮುಖ ಒರೆಸಿಕೊಂಡಳು.

"ನಾನು ಚೆಲ್ಲಲಿಲ್ಲ ಅತ್ತಿಗೆ. ಅವರೇ ಕುಡಿದ್ರು."

"ಏನು?"

"ಕೊನೇಲಿ ಏನೂ ಸೇರ್ತಿರ್ಲಿಲ್ಲ. ಗಂಜಿ ಕೊಟ್ರೆ ಮಣ್ಣು ಅಂತಿದ್ರು, ಹಣ್ಣಿನ ರಸ ಕೊಟ್ರೆ ಉಗಿತಿದ್ರು. ಒಂದಿನ ಆ ಜಾಡಿ ನೀರು ತಾ ಅಂದ್ರು. ಒಂದು ಚಮಚ ನಾಲಿಗೆ ಮೇಲೆ ಬಿಟ್ಟೆ. ಕಣ್ಣು ಮುಚ್ಚಿ ಚಪ್ಪರಿಸಿದ್ರು. ಆಮೇಲೆ ದಿನಾ ಅದೇ. ಬೇಡ, ಹೆಪ್ಪಿಗೆ ಬೇಕು, ಅತ್ತಿಗೆ ಸುಮ್ನಿರಲ್ಲ ಅಂದೆ. ಮುಗಿಯೋಕೆ ಬಂದಾಗ ನೀರು ಬೆರೆಸಿ ಬೆರೆಸಿ ಕೊಟ್ಟೆ. ಗೊತ್ತಾಗ್ತಿತ್ತು ಅವರಿಗೆ, ಆದ್ರೂ ಕುಡಿತಿದ್ರು."

ನಾನು ಭಾನುವಾರ ಬಂದು ಅವನ ಕಾಲ ಬಳಿ ಕೂತು, 'ಸ್ವಲ್ಪ ತಿನ್ನೋ, ಮೊಂಡ' ಎಂದು ಗದರುತ್ತಿದ್ದೆ. ಮಂಚದ ಪಕ್ಕದ ಸ್ಟೂಲಿನ ಮೇಲೆ ಒಂದು ಲೋಟ, ಚಮಚ ಇರುತ್ತಿತ್ತು. ಔಷಧಿ ಅಂದುಕೊಂಡಿದ್ದೆ.

"ನಂಗ್ಯಾಕೆ ಹೇಳಲಿಲ್ಲ?"

"ಹೇಳ್ಬೇಡ ಅಂದ್ರು. 'ಅಕ್ಕ ಬೈತಾಳೆ, ಬೈಸ್ಕೋ. ಅವಳು ಬೈದ್ರೆ ಅಮ್ಮನ ಥರಾನೇ ಕೇಳ್ಸುತ್ತೆ' ಅಂದ್ರು."

ನಾನು ನೆಲದ ಮೇಲೆ ಕೂತುಬಿಟ್ಟೆ. ಜಾಡಿ ತೊಡೆಯ ಮೇಲಿತ್ತು. ಅಳು ಬಂತು, ತಡೆಯಲಿಲ್ಲ. ಅವಳು ಪಕ್ಕದಲ್ಲಿ ಬಂದು ಕೂತಳು. ಕ್ಷಮಿಸು ಎನ್ನಲು ನಾಲಿಗೆ ಹೊರಳಲಿಲ್ಲ. ಅವಳ ಕೈ ಹಿಡಿದುಕೊಂಡೆ. ಟೊಮೇಟೊ ಎಲೆಯ ವಾಸನೆ ಬರುತ್ತಿತ್ತು.

"ಕೊನೇ ಚಮಚ ಕುಡಿದು ಏನಂದ?"

"ಉಪ್ಪು ಕಮ್ಮಿ ಆಗಿದೆ, ಅಕ್ಕ ಹೇಳಿದ್ದೇ ಸರಿ ಅಂದ್ರು."

ಪ್ರತಿ ವರ್ಷ ನಮಗೆ ಇದೇ ಜಗಳ. ನಾನು ಇನ್ನೊಂದು ಹಿಡಿ ಉಪ್ಪು ಎತ್ತಿದರೆ ಅವನು ಕೈ ಅಡ್ಡ ಹಿಡಿಯುತ್ತಿದ್ದ: 'ಸಾಕು ಕಣಕ್ಕಾ, ಸಮುದ್ರ ಮಾಡ್ಬೇಡ.' ಒಮ್ಮೆಯಾದರೂ ಸೋತವನಲ್ಲ. ನಾಲಿಗೆ ಸತ್ತಿದ್ದಕ್ಕೆ, ನೀರು ಬೆರೆಸಿದ್ದಕ್ಕೆ ಹಾಗೆ ಅನ್ನಿಸಿರಬೇಕು. ಇಂಥ ಗೆಲುವು ಯಾರಿಗೆ ಬೇಕಿತ್ತು?

ಆಮೇಲೆ ಎದ್ದೆವು. ಹೋಳುಗಳನ್ನು ಹಾಗೇ ಬಿಟ್ಟರೆ ಕೆಡುತ್ತವೆ, ದುಃಖ ಅಂತ ಅವು ಕಾಯುವುದಿಲ್ಲ. ಅವಳು ಜಾಡಿಗೆ ಹೋಳು, ಬೆಳ್ಳುಳ್ಳಿ, ಮೆಣಸು ತುಂಬಿದಳು. ಆರಿದ ಉಪ್ಪುನೀರಿನ ರುಚಿ ನೋಡಿದೆ. ಅದನ್ನು ಅವನ ಅಳತೆಗೇ ಮಾಡಿದ್ದೆ, ಅವನಿಗಾಗಿ. ಆದರೆ ಹೆಪ್ಪಿಲ್ಲದ ಜಾಡಿಗೆ ಅಷ್ಟು ಸಾಲದು, ಬೂಸಲು ಹಿಡಿಯುತ್ತದೆ. ಇನ್ನೊಂದು ಹಿಡಿ ಉಪ್ಪು ತೆಗೆದುಕೊಂಡು ಪಾತ್ರೆಯ ಮೇಲೆ ಹಿಡಿದೆ. ಹಾಗೇ ಹಿಡಿದು ನಿಂತೆ.

ತಮ್ಮನ ಹೆಂಡತಿ ಮುಚ್ಚಳ ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಹಾಕಿ ಅತ್ತಿಗೆ," ಅಂದಳು. "ಯಾರೂ ಬೇಡ ಅನ್ನಲ್ಲ."

ಹಾಕಿದೆ.